ಗರ್ಭಪಾತಕ್ಕೆ ಗಂಡನ ಸಹಿ ಬೇಕೇ ಬೇಕಾ? ಎಲ್ಲೋ ಒಬ್ಬಳು ಕೇಸ್ ಗೆದ್ದರೆ ನಮಗೇನು ಸಿಗುತ್ತೆ?

ತೋಟದ ಮನೆ (ಪೊನ್ನಂಪೇಟೆ ಕಡೆ)
ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ಸ್ವಲ್ಪ ಹೇಳಿ. ನಮ್ಮ ಕಡೆ ಒಂದು ಲೈನ್ ಮನೆಯಲ್ಲಿರುವ (ತೋಟದ ಕೂಲಿಯವರ ಸಾಲುಮನೆ) ಹೆಂಗಸು, ಮೂರು ಮಕ್ಕಳ ತಾಯಿ. ಗಂಡ ಕೆಲಸ ಹುಡುಕಿಕೊಂಡು ಕೇರಳದ ಕಡೆ ಹೋದವನು ಫೋನೂ ಎತ್ತುತ್ತಿಲ್ಲ, ದುಡ್ಡೂ ಕಳಿಸುತ್ತಿಲ್ಲ. ಈಗ ಅವಳಿಗೆ ಮತ್ತೆ ಮೂರು ತಿಂಗಳಾಗುತ್ತಾ ಬಂದಿದೆ. ಬೇಡ ಅಂತ ಅವಳೇ ತೀರ್ಮಾನ ಮಾಡಿ ಆಸ್ಪತ್ರೆಗೆ ಹೋದರೆ, ಗಂಡನ ಸಹಿ ಇಲ್ಲದೆ ಆಗಲ್ಲ ಅಂತ ವಾಪಸ್ ಕಳಿಸಿದ್ದಾರೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಹೇಳಲ್ಲ. ಕಾನೂನಿನಲ್ಲಿ ನಿಜವಾಗಲೂ ಹಾಗಿದೆಯಾ?

ಇನ್ನೊಂದು ಪ್ರಶ್ನೆ. ನಮ್ಮ ಮಹಿಳಾ ಸಂಘದಲ್ಲಿ ಈ ವಿಷಯ ಬಂದಾಗ ಒಬ್ಬರು ಬೇರೆ ದೇಶದ ಕೇಸುಗಳನ್ನೆಲ್ಲ ಹೇಳಿದರು. ಐರ್ಲೆಂಡ್, ನೇಪಾಳ, ಅರ್ಜೆಂಟೀನಾ ಅಂತ. ಹಿಂದೆ ಕೂತಿದ್ದವರು ಎದ್ದು ನಿಂತು, "ಅಲ್ಲಿ ಯಾರೋ ಗೆದ್ದರೆ ನಮ್ಮ ಲೈನ್ ಮನೆಗೆ ಏನು ಬಂತು?" ಅಂದರು. ಯಾರ ಬಾಯಲ್ಲೂ ಉತ್ತರ ಇರಲಿಲ್ಲ. ನಿಮಗೇನಾದರೂ ಹೊಳೆಯುತ್ತಾ?

ಗಾಳಿಬೀಡು ಹುಡುಗ
ಸಹಿ ಬೇಕು ಅಂತಲೇ ನಾನೂ ಅಂದುಕೊಂಡಿದ್ದೆ. ಆಪರೇಷನ್ ಅಂದ ಮೇಲೆ ಮನೆಯವರು ಸಹಿ ಹಾಕಲೇಬೇಕು ಅಲ್ವಾ?

ಕೋರ್ಟ್ ರಸ್ತೆ, ಮಡಿಕೇರಿ
ಬೇಡ. ಒಂದೇ ಮಾತಿನ ಉತ್ತರ ಇದು. 18 ವರ್ಷ ತುಂಬಿದ, ಬುದ್ಧಿ ಸರಿಯಾಗಿರುವ ಹೆಣ್ಣುಮಗಳು ತಾನೊಬ್ಬಳೇ ಒಪ್ಪಿಗೆ ಕೊಟ್ಟರೆ ಸಾಕು. 1971ರ ಗರ್ಭಪಾತ ಕಾಯ್ದೆಯಲ್ಲೇ ಹೀಗಿದೆ, ಹೊಸ ವಿಷಯವೇನಲ್ಲ. ವಯಸ್ಸು ತುಂಬದವರಿಗೆ, ಮಾನಸಿಕ ಕಾಯಿಲೆ ಇರುವವರಿಗೆ ಮಾತ್ರ ಪೋಷಕರ ಒಪ್ಪಿಗೆ ಬೇಕು. ಗಂಡ, ಅತ್ತೆ, ಅಣ್ಣ ಯಾರ ಸಹಿಯನ್ನೂ ಕಾಯ್ದೆ ಕೇಳಿಲ್ಲ. ಫಾರ್ಮ್ ಸಿ ಅಂತ ಒಂದು ಹಾಳೆ ಇದೆ, ಅವಳ ಸಹಿ ಅಥವಾ ಹೆಬ್ಬೆಟ್ಟು ಅದರ ಮೇಲೆ ಬಿದ್ದರೆ ಮುಗಿಯಿತು.

2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಕಾನೂನಿನಲ್ಲಿ ಇಲ್ಲದ ಷರತ್ತುಗಳನ್ನು ವೈದ್ಯರು ಹಾಕಬಾರದು. ಮನೆಯವರ ಒಪ್ಪಿಗೆ ತನ್ನಿ, ಕೋರ್ಟ್ ಆದೇಶ ತನ್ನಿ, ಇನ್ನೊಂದು ಕಾಗದ ತನ್ನಿ ಅನ್ನುವ ಹಾಗಿಲ್ಲ. ಆ ಪೀಠದಲ್ಲಿ ಮೂವರು: ಡಿ.ವೈ. ಚಂದ್ರಚೂಡ್, ಜೆ.ಬಿ. ಪರ್ದಿವಾಲಾ, ಮತ್ತೆ ನಮ್ಮ ಕೊಡಗಿನವರೇ ಆದ ಎ.ಎಸ್. ಬೋಪಣ್ಣ.

ತೋಟದ ಮನೆಯವರೇ, ಮೂರು ತಿಂಗಳು ಅಂದರೆ ಹನ್ನೆರಡು ವಾರದ ಆಸುಪಾಸು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಆದರೆ ದಿನ ತಳ್ಳಬೇಡಿ.

ಕರಿಮೆಣಸು
ಬೋಪಣ್ಣ ಅವರು ಆ ಪೀಠದಲ್ಲಿದ್ದರಾ? ಗೊತ್ತೇ ಇರಲಿಲ್ಲ. ಅಜ್ಜಿಕುಟ್ಟೀರ ಮನೆತನ ಅಲ್ವಾ?

ಗಾಳಿಬೀಡು ಹುಡುಗ
ಹೌದು. ಈ ಸಲ ಹಾಕಿ ಹಬ್ಬದಲ್ಲಿ ಅವರ ತಂಡ ಎಷ್ಟನೇ ಸುತ್ತಿಗೆ ಬಂತು?

ನಿರ್ವಾಹಕ
ಹಾಕಿಗೆ ಬೇರೆ ಚರ್ಚೆ ಇದೆ. ಅಲ್ಲಿಗೆ ಹೋಗಿ. ಇನ್ನೊಂದು ಮಾತು: ಇಲ್ಲಿ ಯಾರೂ ಆ ಹೆಂಗಸಿನ ಊರು, ತೋಟ, ಆಸ್ಪತ್ರೆ ಊಹೆ ಮಾಡಿ ಬರೆಯಬೇಡಿ. ಈಗಾಗಲೇ ಎರಡು ಕಾಮೆಂಟ್ ತೆಗೆದಿದ್ದೇನೆ.

ಕೋರ್ಟ್ ರಸ್ತೆ, ಮಡಿಕೇರಿ
ಒಳ್ಳೆ ಕೆಲಸ. ಹೆಸರು ಹೊರಗೆ ಬಿಟ್ಟ ವೈದ್ಯರಿಗೇ ಒಂದು ವರ್ಷದವರೆಗೆ ಜೈಲು ಇದೆ. ಅದೇ ಕಾಯ್ದೆಯ 2021ರ ತಿದ್ದುಪಡಿಯಲ್ಲಿ ಬಂದದ್ದು.

ಪಿಎಚ್‌ಸಿ ಸಿಸ್ಟರ್
ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವಳು. ವಕೀಲರು ಹೇಳಿದ್ದು ಸರಿ, ಆದರೆ ಆಸ್ಪತ್ರೆಯ ಕಡೆಯಿಂದಲೂ ಸ್ವಲ್ಪ ನೋಡಿ. ಸಹಿ ಕೇಳುವುದು ಕಾನೂನು ಗೊತ್ತಿಲ್ಲ ಅಂತ ಅಲ್ಲ, ಭಯಕ್ಕೆ. ನಾಳೆ ಗಂಡ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು "ನನ್ನನ್ನು ಕೇಳದೆ ಹೇಗೆ ಮಾಡಿದಿರಿ" ಅಂತ ಗಲಾಟೆ ಮಾಡಿದರೆ ಬಾಗಿಲ ಹತ್ತಿರ ನಿಲ್ಲುವವರು ನಾವು. ಪೊಲೀಸ್ ಬರುವಷ್ಟರಲ್ಲಿ ಗಾಜು ಒಡೆದಿರುತ್ತೆ.

ಆದಿವಾಸಿ ಹಾಡಿಯಿಂದ ಬರುವ ಚಿಕ್ಕ ಹುಡುಗಿಯರ ವಿಷಯ ಇನ್ನೂ ಕಷ್ಟ. 16, 17 ವರ್ಷ ಇರುತ್ತೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ನಾವು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸುತ್ತೇವೆ ಅಂದ ಕೂಡಲೇ ತಾಯಿ ಮಗಳು ಇಬ್ಬರೂ ಎದ್ದು ಹೋಗುತ್ತಾರೆ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಮಾತ್ರೆ ತಗೊಂಡು ನುಂಗಿ, ರಕ್ತ ನಿಲ್ಲದೆ ರಾತ್ರಿ ಜೀಪಿನಲ್ಲಿ ಬರುತ್ತಾರೆ. ಅಂಥವರನ್ನು ನೋಡಿದ್ದೇನೆ.

ಕೋರ್ಟ್ ರಸ್ತೆ, ಮಡಿಕೇರಿ
ಸಿಸ್ಟರ್, ನೀವು ಹೇಳಿದ ಹುಡುಗಿಯರಿಗೂ ಅದೇ ತೀರ್ಪಿನಲ್ಲಿ ದಾರಿ ಮಾಡಿದ್ದಾರೆ. ಹುಡುಗಿಯೂ ಪೋಷಕರೂ ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ಬರೆಯಬೇಕಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಈ ವಿಷಯ ಯಾರಾದರೂ ಹೇಳಿದ್ದರಾ?

ಪಿಎಚ್‌ಸಿ ಸಿಸ್ಟರ್
ಇಲ್ಲ. ಸುತ್ತೋಲೆ ಬಂದಿದ್ದರೂ ಯಾವ ಫೈಲಿನಲ್ಲಿ ಮಲಗಿದೆಯೋ.

ನಿವೃತ್ತ ಮೇಷ್ಟ್ರು (ಸೋಮವಾರಪೇಟೆ)
ಸಿಸ್ಟರ್ ಹೇಳಿದ್ದರಲ್ಲೇ ಸಂಘದಲ್ಲಿ ಎದ್ದ ಪ್ರಶ್ನೆಗೆ ಉತ್ತರ ಇದೆ. ದೆಹಲಿಯಲ್ಲಿ ಗೆದ್ದ ಕೇಸು ಫೈಲಿನಲ್ಲಿ ಮಲಗಿದರೆ ಲೈನ್ ಮನೆಗೆ ಏನೂ ಬರಲ್ಲ. ಅದನ್ನು ಯಾರಾದರೂ ಎತ್ತಿಕೊಂಡು ಕೌಂಟರಿನವರೆಗೆ ಹೋಗಬೇಕು.

ಆ 2022ರ ಕೇಸು ಯಾರದ್ದು ಅಂತ ಗೊತ್ತಾ? 25 ವರ್ಷದ ಮದುವೆಯಾಗದ ಹುಡುಗಿ, ಮಣಿಪುರದವಳು, ದೆಹಲಿಯಲ್ಲಿ ವಾಸ. ಜೊತೆಗಿದ್ದವನು ಕೊನೆ ಗಳಿಗೆಯಲ್ಲಿ ಮದುವೆಯಾಗಲ್ಲ ಅಂದ. 20 ವಾರ ದಾಟಿತ್ತು. ವಿಧವೆಗೆ, ವಿಚ್ಛೇದನ ಆದವಳಿಗೆ 24 ವಾರದವರೆಗೆ ಅವಕಾಶ ಇದೆ, ಮದುವೆಯೇ ಆಗದವಳ ಹೆಸರು ನಿಯಮದಲ್ಲಿ ಇಲ್ಲ ಅಂತ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಜುಲೈ 21ಕ್ಕೇ ಮಧ್ಯಂತರ ಆದೇಶ ಕೊಟ್ಟು, ವೈದ್ಯರ ಮಂಡಳಿ ನೋಡಿ ಅಪಾಯ ಇಲ್ಲ ಅಂದರೆ ಮಾಡಿ ಅಂದಿತು. ಅಂದರೆ ಅವಳ ಕೆಲಸ ಅಲ್ಲಿಗೇ ಮುಗಿಯಿತು. ಸೆಪ್ಟೆಂಬರಿನ ದೊಡ್ಡ ತೀರ್ಪು ಬಂದದ್ದು ಉಳಿದವರಿಗಾಗಿ. ಗಂಡನ ಬಲವಂತದಿಂದ ಬಸುರಾದವಳೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರಕ್ಕೆ ಒಳಗಾದವಳೇ ಅಂತ ಅದರಲ್ಲೇ ಸೇರಿಸಿದರು.

ಕರಿಮೆಣಸು
ಹಾಗಾದರೆ ನಮ್ಮಲ್ಲಿ ಈಗ ಇದು ಪೂರ್ತಿ ಹಕ್ಕು ಅನ್ನಿ. ಅಮೆರಿಕಕ್ಕಿಂತ ನಾವೇ ಮುಂದೆ!

ಕೋರ್ಟ್ ರಸ್ತೆ, ಮಡಿಕೇರಿ
ಅಷ್ಟು ಬೇಗ ಪಟಾಕಿ ಹಚ್ಚಬೇಡಿ. ನಮ್ಮಲ್ಲಿ ಗರ್ಭಪಾತ ಇವತ್ತಿಗೂ ಮೂಲತಃ ಅಪರಾಧವೇ. ಹಳೆಯ ದಂಡ ಸಂಹಿತೆ ಐಪಿಸಿಯಲ್ಲಿ 312ನೇ ಸೆಕ್ಷನ್ ಇತ್ತು, ಈಗ ನ್ಯಾಯ ಸಂಹಿತೆಯಲ್ಲಿ 88. 1971ರ ಕಾಯ್ದೆ ಅದಕ್ಕೆ ಒಂದು ವಿನಾಯಿತಿ, ಅಷ್ಟೇ. "ನನಗೆ ಬೇಡ" ಅಂದರೆ ಸಾಲದು, "ಇವಳ ದೇಹಕ್ಕೋ ಮನಸ್ಸಿಗೋ ತೊಂದರೆ ಆಗುತ್ತೆ" ಅಂತ ವೈದ್ಯರು ಬರೆಯಬೇಕು. ಗರ್ಭನಿರೋಧಕ ಕೈಕೊಟ್ಟು ಬಸುರಾಗಿದ್ದರೆ ಆ ತೊಂದರೆ ಇದೆ ಅಂತಲೇ ಕಾಯ್ದೆ ಭಾವಿಸುತ್ತೆ. ಮೊದಲು ಅಲ್ಲಿ "ವಿವಾಹಿತ ಮಹಿಳೆ ಅಥವಾ ಗಂಡ" ಅಂತ ಇತ್ತು. 2021ರಲ್ಲಿ "ಮಹಿಳೆ ಅಥವಾ ಸಂಗಾತಿ" ಅಂತ ಬದಲಾಯಿಸಿದರು.

ಕಾವೇರಿ ತೀರ
ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ಹುಟ್ಟದ ಮಗುವಿನ ಪರ ವಕೀಲರು ಯಾರು? ಹೀಗೆ ಸಡಿಲ ಬಿಟ್ಟರೆ ಹೆಣ್ಣು ಭ್ರೂಣ ತೆಗೆಸುವವರಿಗೆ ಹಬ್ಬ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೆಣ್ಣೋ ಗಂಡೋ ಹೇಳುತ್ತಿದ್ದ ದಂಧೆ ಮರೆತುಹೋಯಿತಾ?

ಗಾಳಿಬೀಡು ಹುಡುಗ
ಅದು ಮಂಡ್ಯ. 2011ರ ಜನಗಣತಿಯಲ್ಲಿ ನಮ್ಮ ಕೊಡಗಿನಲ್ಲಿ ಸಾವಿರ ಗಂಡಸರಿಗೆ 1019 ಹೆಂಗಸರು.

ಕಾವೇರಿ ತೀರ
ಜಂಬ ಬೇಡ. ಪಕ್ಕದ ಜಿಲ್ಲೆಗೆ ಹೋಗಿ ಬರಲು ಬಸ್ಸಿಲ್ಲವಾ?

ಕೋರ್ಟ್ ರಸ್ತೆ, ಮಡಿಕೇರಿ
ಕಾವೇರಿ ತೀರದವರ ಆತಂಕ ಸುಳ್ಳಲ್ಲ. ಆದರೆ ಅದಕ್ಕೆ 1994ರ ಬೇರೆ ಕಾಯ್ದೆ ಇದೆ. ಅಲ್ಲಿ ಅಪರಾಧ ಲಿಂಗ ಪತ್ತೆ ಮಾಡಿ ಹೇಳುವುದು. ಆಲೆಮನೆಯ ದಂಧೆ ಹಿಡಿಯಬೇಕಾದದ್ದು ಆ ಕಾಯ್ದೆಯ ಕೈಯಿಂದ. ಅದು ಸರಿಯಾಗಿ ಕೆಲಸ ಮಾಡಲಿಲ್ಲ ಅಂತ ಮೂರು ಮಕ್ಕಳ ತಾಯಿಯನ್ನು ಗಂಡನ ಸಹಿಗೆ ಅಲೆಸುವುದು ಯಾವ ನ್ಯಾಯ?

ಹುಟ್ಟದ ಮಗುವಿನ ಪರ ಯಾರೂ ಇಲ್ಲ ಅನ್ನುವುದೂ ತಪ್ಪು. 2023ರ ಅಕ್ಟೋಬರಿನಲ್ಲಿ 26 ವಾರದ ಕೇಸೊಂದು ಬಂತು. ಎರಡು ಮಕ್ಕಳ ತಾಯಿ, ಹಿಂದಿನ ಹೆರಿಗೆಯ ನಂತರದ ಖಿನ್ನತೆಗೆ ಔಷಧಿ ತಗೊಳ್ಳುತ್ತಿದ್ದಳು. ಇಬ್ಬರು ನ್ಯಾಯಮೂರ್ತಿಗಳ ಮಧ್ಯೆ ಭಿನ್ನಾಭಿಪ್ರಾಯ ಆಯಿತು. ನಮ್ಮ ರಾಜ್ಯದವರೇ ಆದ ಬಿ.ವಿ. ನಾಗರತ್ನ ಅವರು ತಾಯಿಯ ತೀರ್ಮಾನಕ್ಕೆ ಬೆಲೆ ಕೊಡಬೇಕು ಅಂದರು. ಕೊನೆಗೆ ಮೂವರ ಪೀಠ ಒಪ್ಪಿಗೆ ಕೊಡಲಿಲ್ಲ. 24 ವಾರ ದಾಟಿದೆ, ತಾಯಿಯ ಜೀವಕ್ಕೆ ಈಗಲೇ ಅಪಾಯ ಇಲ್ಲ, ಭ್ರೂಣದಲ್ಲಿ ದೋಷ ಇಲ್ಲ ಅಂತ. ನನಗೆ ಆ ತೀರ್ಪು ಹಿಡಿಸಲಿಲ್ಲ. ಅದು ಬೇರೆ ಮಾತು.

ಡಬ್ಲಿನ್‌ನಲ್ಲಿ ಕುಶಾಲನಗರ
ಐರ್ಲೆಂಡಿನಿಂದ ಬರೆಯುತ್ತಿದ್ದೇನೆ, ಇಲ್ಲಿ ನರ್ಸ್ ಆಗಿದ್ದೇನೆ. ನಮ್ಮ ಲೈನ್ ಮನೆಗೆ ಏನು ಬಂತು ಅಂತ ಕೇಳಿದವರಿಗೆ ತಿರುಗಿಸಿ ಕೇಳಿ: ಬೆಳಗಾವಿಯ ಹುಡುಗಿಯಿಂದ ಐರ್ಲೆಂಡಿಗೆ ಏನು ಬಂತು ಅಂತ.

ಸವಿತಾ ಹಾಲಪ್ಪನವರ್ ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರಿನಲ್ಲಿ 17 ವಾರದ ಗರ್ಭಿಣಿ. ಗರ್ಭ ಉಳಿಯಲ್ಲ ಅಂತ ಗಾಲ್ವೇ ಆಸ್ಪತ್ರೆಯವರಿಗೆ ಗೊತ್ತಿತ್ತು. ತೆಗೆದುಬಿಡಿ ಅಂತ ಅವರು ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಕಾನೂನು ಬಿಡಲ್ಲ ಅಂದರು. ನಂಜೇರಿ ಅಕ್ಟೋಬರ್ 28ಕ್ಕೆ ತೀರಿಕೊಂಡರು. ತಾಯಿಗೂ ಭ್ರೂಣಕ್ಕೂ ಜೀವದ ಹಕ್ಕು ಸಮಾನ ಅಂತ 1983ರಲ್ಲಿ ಇಲ್ಲಿನ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿಸಿದ್ದರು. ವೈದ್ಯರ ಕೈ ಕಟ್ಟಿದ್ದು ಅದು.

2018ರ ಮೇ 25ರ ಜನಮತಗಣನೆ ಹೊತ್ತಿಗೆ ನಾನು ಇಲ್ಲೇ ಇದ್ದೆ. ನಮಗೆ ಮತ ಇಲ್ಲ. ಆದರೆ ವಾರ್ಡಿನಲ್ಲಿ ಬೇರೆ ಮಾತೇ ಇರಲಿಲ್ಲ. ಬೇರೆ ದೇಶದಲ್ಲಿ ಕೆಲಸಕ್ಕಿದ್ದ ಹುಡುಗ ಹುಡುಗಿಯರು ಮತ ಹಾಕಲು ವಿಮಾನ ಹತ್ತಿ ಬಂದರು. ಡಬ್ಲಿನ್ನಿನ ಒಂದು ಗೋಡೆ ಮೇಲೆ ಸವಿತಾ ಮುಖ ಬರೆದಿದ್ದರು. ಹಣೆಯ ಬೊಟ್ಟು ಸಮೇತ. ಜನ ಸಾಲಾಗಿ ಬಂದು ಸುತ್ತ ಬಣ್ಣದ ಚೀಟಿ ಅಂಟಿಸುತ್ತಿದ್ದರು, ಗೋಡೆ ಕಾಣದಷ್ಟು. ಕ್ಷಮಿಸು ಅಂತ ಬರೆದ ಚೀಟಿಗಳೇ ಜಾಸ್ತಿ. 66.4 ಶೇಕಡಾ ಜನ ಆ ತಿದ್ದುಪಡಿ ಬೇಡ ಅಂದರು. 2019ರ ಜನವರಿಯಿಂದ 12 ವಾರದವರೆಗೆ ಕಾರಣ ಹೇಳದೆ ಮಾಡಿಸಿಕೊಳ್ಳಬಹುದು, ಮೂರು ದಿನ ಕಾಯಬೇಕು.

ಕರಿಮೆಣಸು
ಅವರ ತಂದೆ ಬೆಳಗಾವಿಯಿಂದಲೇ ಐರ್ಲೆಂಡಿನ ಜನರಿಗೆ ಬೇಡಿಕೊಂಡಿದ್ದನ್ನು ಟಿವಿಯಲ್ಲಿ ನೋಡಿದ ನೆನಪು.

ನಿವೃತ್ತ ಮೇಷ್ಟ್ರು (ಸೋಮವಾರಪೇಟೆ)
ಒಂದು ಸಾವು ಕಾನೂನು ಬದಲಿಸಿತು ಅಂತ ಕತೆ ಕಟ್ಟಬಾರದು ತಾಯಿ. ಸವಿತಾಗೆ ಮುಂಚೆಯೂ ಆಮೇಲೂ ಅಲ್ಲಿಯ ವಕೀಲರು ವರ್ಷಗಟ್ಟಲೆ ಮಣ್ಣು ಹೊತ್ತಿದ್ದಾರೆ. 1992ರಲ್ಲಿ ಅತ್ಯಾಚಾರಕ್ಕೊಳಗಾದ 14 ವರ್ಷದ ಹುಡುಗಿ ಇಂಗ್ಲೆಂಡಿಗೆ ಹೋಗದಂತೆ ಹೈಕೋರ್ಟ್ ತಡೆದಿತ್ತು, ಸುಪ್ರೀಂ ಕೋರ್ಟ್ ಬಿಡಿಸಿತು. ಮೂವರು ಹೆಂಗಸರು ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು, 2010ರಲ್ಲಿ ತೀರ್ಪು ಬಂತು. ಗೆದ್ದದ್ದು ಒಬ್ಬರು, ಕ್ಯಾನ್ಸರ್ ಇದ್ದವರು. ಇಬ್ಬರು ಸೋತರು. 2016ರಲ್ಲಿ ಅಮಾಂಡಾ ಮೆಲೆಟ್ ಅನ್ನುವವರ ದೂರಿನ ಮೇಲೆ ವಿಶ್ವಸಂಸ್ಥೆಯ ಸಮಿತಿ ಐರ್ಲೆಂಡಿಗೆ ಛೀಮಾರಿ ಹಾಕಿತು. ಬದುಕಲಾರದ ಭ್ರೂಣ ಹೊತ್ತು ಆಕೆ ಇಂಗ್ಲೆಂಡಿಗೆ ಹೋಗಬೇಕಾಗಿ ಬಂದಿತ್ತು. ಇಷ್ಟೆಲ್ಲ ಆಗಿ ನೆಲ ಹದವಾಗಿತ್ತು.

ಡಬ್ಲಿನ್‌ನಲ್ಲಿ ಕುಶಾಲನಗರ
ಒಪ್ಪುತ್ತೇನೆ ಮೇಷ್ಟ್ರೇ. ಆದರೆ ಮತಗಟ್ಟೆಗೆ ಹೋದವರು ತೀರ್ಪು ಓದಿ ಹೋಗಲಿಲ್ಲ. ಮುಖ ನೋಡಿ ಹೋದರು.

ಕಾವೇರಿ ತೀರ
ಜನ ಮತ ಹಾಕಿ ಬದಲಿಸಿದರೆ ನನ್ನ ತಕರಾರಿಲ್ಲ. ನಾಲ್ಕು ಜನ ನ್ಯಾಯಮೂರ್ತಿಗಳು ಕೂತು ಇಡೀ ದೇಶದ ಪರವಾಗಿ ತೀರ್ಮಾನ ಮಾಡುವುದು ಬೇಡ ಅನ್ನುತ್ತೇನೆ. ಅಮೆರಿಕ ನೋಡಿ. 1973ರಲ್ಲಿ ಗರ್ಭಪಾತದ ಹಕ್ಕನ್ನು ಕೋರ್ಟ್ ಕೊಟ್ಟಿತು, 2022ರ ಜೂನ್ 24ಕ್ಕೆ ಅದೇ ಕೋರ್ಟ್ ಕಿತ್ತುಕೊಂಡಿತು.

ಗಾಳಿಬೀಡು ಹುಡುಗ
ಈ ಸಲ ಕಾವೇರಿ ತೀರದವರ ಮಾತಿನಲ್ಲಿ ತೂಕ ಇದೆ.

ಕೋರ್ಟ್ ರಸ್ತೆ, ಮಡಿಕೇರಿ
ಜನ ಮತ ಹಾಕಿದ್ದನ್ನೂ ಸ್ವಲ್ಪ ಹೇಳಿ ಮತ್ತೆ. 2022ರ ಆಗಸ್ಟಿನಲ್ಲಿ ಕಾನ್ಸಸ್ ರಾಜ್ಯದಲ್ಲಿ ಗರ್ಭಪಾತದ ಹಕ್ಕು ತೆಗೆಯಲು ತಂದ ಪ್ರಸ್ತಾಪ ಬಿದ್ದುಹೋಯಿತು. ಸಂಪ್ರದಾಯಸ್ಥರ ರಾಜ್ಯ ಅದು. ಮರುವರ್ಷ ಒಹಾಯೊದವರು ಹಕ್ಕನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಅಮೆರಿಕದ ಗತಿ ನೋಡಿ ಎಚ್ಚೆತ್ತ ಫ್ರಾನ್ಸ್ 2024ರ ಮಾರ್ಚ್ 4ಕ್ಕೆ ಸಂವಿಧಾನದಲ್ಲೇ ಬರೆದುಕೊಂಡಿತು. ಪರ 780, ವಿರುದ್ಧ 72.

ಅರ್ಜೆಂಟೀನಾದಲ್ಲಿ ಇದನ್ನು ಮಾಡಿದ್ದು ಸಂಸತ್ತು. 2018ರಲ್ಲಿ ಸೆನೆಟ್ ಬೀಳಿಸಿತು. ಹೆಂಗಸರು ಹಸಿರು ವಸ್ತ್ರ ಕುತ್ತಿಗೆಗೆ ಕಟ್ಟಿಕೊಂಡು ಬೀದಿ ಬಿಡಲಿಲ್ಲ. 2020ರ ಡಿಸೆಂಬರ್ 30ಕ್ಕೆ ಅದೇ ಸೆನೆಟ್ 14 ವಾರದವರೆಗೆ ಅವಕಾಶ ಕೊಟ್ಟಿತು. ಕೊಲಂಬಿಯಾದಲ್ಲಿ ಸಂವಿಧಾನ ನ್ಯಾಯಾಲಯ 2022ರ ಫೆಬ್ರುವರಿಯಲ್ಲಿ 24 ವಾರದವರೆಗೆ ಅಪರಾಧ ಅಲ್ಲ ಅಂದಿತು, ಪರ ಐದು, ವಿರುದ್ಧ ನಾಲ್ಕು ಮತ. ಒಂದು ಕಡೆ ಬೀದಿ, ಒಂದು ಕಡೆ ಕೋರ್ಟು. ಎರಡೂ ಬೇಕು ಅನಿಸುತ್ತೆ ನನಗೆ. ಎಲ್ ಸಾಲ್ವಡಾರಿನಲ್ಲಿ 1998ರಿಂದ ಪೂರ್ತಿ ನಿಷೇಧ ಇದೆ. ತಾನಾಗಿ ಗರ್ಭ ಹೋದವರನ್ನೂ ಕೊಲೆ ಕೇಸಿನಲ್ಲಿ ಜೈಲಿಗೆ ಹಾಕಿದ್ದಾರೆ. ಮನುವೆಲಾ ಅಂತ ಕರೆಯುವ ಒಬ್ಬಾಕೆ ಜೈಲುಶಿಕ್ಷೆ ಅನುಭವಿಸುತ್ತಿರುವಾಗಲೇ ಕ್ಯಾನ್ಸರಿನಿಂದ ಸತ್ತಳು. ತಪ್ಪು ಸರ್ಕಾರದ್ದು ಅಂತ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ 2021ರಲ್ಲಿ ಹೇಳಿತು, ಅವಳು ಹೋಗಿ ವರ್ಷಗಳಾದ ಮೇಲೆ.

ಎಸ್ಟೇಟ್ ರೈಟರ್
ನೇಪಾಳದ್ದು ಏನು ಅಂತ ಯಾರೂ ಹೇಳಲೇ ಇಲ್ಲ. ನಮ್ಮ ತೋಟದಲ್ಲಿ ನೇಪಾಳದವರು ಇದ್ದಾರೆ, ಅದಕ್ಕೆ ಕೇಳಿದೆ.

ಕೋರ್ಟ್ ರಸ್ತೆ, ಮಡಿಕೇರಿ
ಒಳ್ಳೆ ಪ್ರಶ್ನೆ ರೈಟರೇ. ಸಂಘದಲ್ಲಿ ಹೇಳಬೇಕಾದ ಕೇಸು ಇದ್ದರೆ ಇದೇ. ನೇಪಾಳದಲ್ಲಿ 2002ರವರೆಗೆ ಗರ್ಭಪಾತ ಮಾಡಿಸಿಕೊಂಡ ಹೆಂಗಸರು ಜೈಲಿನಲ್ಲಿ ಇರುತ್ತಿದ್ದರು. ಕಾನೂನು ಬದಲಾಯಿತು. ಆಮೇಲೆ ಲಕ್ಷ್ಮಿ ಧಿಕ್ತಾ ಅನ್ನುವ ಬಡ ಹೆಂಗಸು, ಐದು ಮಕ್ಕಳ ತಾಯಿ, ಆರನೇ ಸಲ ಬಸುರಿ. ಗಂಡನೂ ಒಪ್ಪಿ ಜೊತೆಗೇ ಸರ್ಕಾರಿ ಆಸ್ಪತ್ರೆಗೆ ಹೋದ. ಅಲ್ಲಿ 1130 ರೂಪಾಯಿ ಫೀಸು ಕೇಳಿದರು. ದುಡ್ಡಿಲ್ಲ. ವಾಪಸ್ ಬಂದಳು, ಆರನೇ ಮಗು ಹುಟ್ಟಿತು.

ಅವಳ ಪರ ವಕೀಲರು ಸುಪ್ರೀಂ ಕೋರ್ಟಿಗೆ ಹೋದರು. 2009ರಲ್ಲಿ ಕೋರ್ಟ್ ಏನು ಹೇಳಿತು ಅಂದರೆ, ದುಡ್ಡಿಲ್ಲ ಅಂತ ಸಿಗದ ಹಕ್ಕು ಹಕ್ಕೇ ಅಲ್ಲ. ಬಡವರಿಗೆ ನಿಧಿ ಇಡಿ, ಸರಿಯಾದ ಕಾನೂನು ಮಾಡಿ. 2018ರಲ್ಲಿ ಕಾನೂನು ಬಂತು. ಈಗ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಫೀಸಿಲ್ಲ. ಲಕ್ಷ್ಮಿಗೆ ಸಿಗಬೇಕಾದ್ದು ಸಿಗಲಿಲ್ಲ, ಅದಂತೂ ನಿಜ.

ತೋಟದ ಮನೆ (ಪೊನ್ನಂಪೇಟೆ ಕಡೆ)
ಇದನ್ನು ನಾನು ಬರೆದಿಟ್ಟುಕೊಂಡೆ. ನಮ್ಮಲ್ಲಿ ಫೀಸಿನ ಬದಲು ಬಸ್ ಚಾರ್ಜು, ಒಂದು ದಿನದ ಕೂಲಿ, ಸಹಿ.

ಪಿಎಚ್‌ಸಿ ಸಿಸ್ಟರ್
ಗರ್ಭ ಬೇಡ ಅನ್ನುವವರ ಮಾತೇ ಆಯಿತು. ಬೇಕು ಅನ್ನುವವರ ಗರ್ಭಕೋಶದ ಮೇಲೂ ಬೇರೆಯವರೇ ತೀರ್ಮಾನ ಮಾಡಿದ್ದಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕುಟುಂಬ ಯೋಜನೆ ಕ್ಯಾಂಪ್ ಅಂದರೆ ಟಾರ್ಗೆಟ್. ಇಷ್ಟು ಜನರನ್ನು ಕರೆತರಲೇಬೇಕು. ಲೈನ್ ಮನೆಯವರು, ಹಾಡಿಯವರು ಮೊದಲು ಸಿಗುತ್ತಿದ್ದರು, ಯಾಕೆಂದರೆ ಎದುರು ಮಾತಾಡಲ್ಲ. ಈಗ ಅಸ್ಸಾಮಿನಿಂದ ಬಂದ ಹೆಂಗಸರು ಹೆರಿಗೆಗೆ ಬರುತ್ತಾರೆ. ಕನ್ನಡದ ಹಾಳೆ ಮುಂದಿಟ್ಟು "ಇಲ್ಲಿ ಹೆಬ್ಬೆಟ್ಟು" ಅಂದರೆ ಒತ್ತಿಬಿಡುತ್ತಾರೆ. ಯಾವುದಕ್ಕೆ ಒತ್ತಿದೆ ಅಂತ ಅವರಿಗೆ ಗೊತ್ತಿರಲ್ಲ. ಭಾಷೆ ಬರುವ ಯಾರನ್ನಾದರೂ ಕರೆದು ಹೇಳಿಸಿ ಅಂತ ನಾನು ಜಗಳ ಆಡಿದ್ದೇನೆ.

ನಿವೃತ್ತ ಮೇಷ್ಟ್ರು (ಸೋಮವಾರಪೇಟೆ)
ಹಂಗೇರಿಯಲ್ಲಿ ಇದೇ ಆಗಿತ್ತು. 2001ರಲ್ಲಿ ರೋಮಾ ಅನ್ನುವ ಅಲ್ಪಸಂಖ್ಯಾತ ಸಮುದಾಯದ ಹೆಂಗಸು ರಕ್ತ ಸೋರುತ್ತಾ ಆಸ್ಪತ್ರೆಗೆ ಬಂದಳು. ಹೊಟ್ಟೆಯಲ್ಲೇ ಸತ್ತಿದ್ದ ಮಗುವನ್ನು ತೆಗೆಯಲು ಒಪ್ಪಿಗೆ ತಗೊಳ್ಳುವಾಗ ಸಂತಾನಹರಣಕ್ಕೂ ಅವಳಿಂದ ಸಹಿ ಹಾಕಿಸಿದರು. ಆಂಬ್ಯುಲೆನ್ಸಿನಿಂದ ಇಳಿದ 17 ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಮಹಿಳೆಯರ ಹಕ್ಕುಗಳ ವಿಶ್ವಸಂಸ್ಥೆ ಸಮಿತಿ 2006ರಲ್ಲಿ ಅವಳ ಪರ ಹೇಳಿತು. ನಮೀಬಿಯಾದಲ್ಲಿ ಎಚ್‌ಐವಿ ಇದ್ದ ಮೂವರು ಹೆಂಗಸರಿಗೆ ಹೀಗೇ ಮಾಡಿದ್ದರು, 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿಗೆ ಅಂತ ಕರೆಯಲಾಗದು ಅಂದಿತು.

ನಮ್ಮಲ್ಲಿ ಬಿಹಾರದ ದೇವಿಕಾ ಬಿಸ್ವಾಸ್ ಅವರ ಕೇಸು. 2012ರಲ್ಲಿ ಅರರಿಯಾದ ಒಂದು ಶಾಲೆಯಲ್ಲಿ ಎರಡು ಗಂಟೆಯಲ್ಲಿ 53 ಹೆಂಗಸರಿಗೆ ಆಪರೇಷನ್. ಡೆಸ್ಕ್ ಮೇಲೆ ಮಲಗಿಸಿ, ಟಾರ್ಚ್ ಬೆಳಕಿನಲ್ಲಿ! ಕೇಸು ನಡೆಯುತ್ತಿರುವಾಗಲೇ 2014ರಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಕ್ಯಾಂಪಿನ ನಂತರ 13 ಹೆಂಗಸರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಕ್ಯಾಂಪುಗಳನ್ನೇ ನಿಲ್ಲಿಸಿ ಅಂದಿತು.

ಇದೇ ನಾಡಿನಲ್ಲಿ 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದಿತ್ತು. ಹೆಂಗಸರು ತಾವಾಗಿ ಬಂದು ಕೇಳಲಿ ಅಂತ.

ಕರಿಮೆಣಸು
ಮೇಷ್ಟ್ರೇ, ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ! ನಮ್ಮದು ಬೇರೆ ಪ್ರಾಂತ್ಯ.

ನಿವೃತ್ತ ಮೇಷ್ಟ್ರು (ಸೋಮವಾರಪೇಟೆ)
ಶುರುವಾಯಿತು. 1956ರಲ್ಲಿ ಕೊಡಗು ಮೈಸೂರಿಗೆ ಸೇರಿದ ವಿಷಯಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ನಾನೇ ನಲವತ್ತು ಪುಟ ಬರೆದಿದ್ದೇನೆ.

ಗಾಳಿಬೀಡು ಹುಡುಗ
ಒಂದು ಡೌಟು. 2018ರಲ್ಲಿ ಭೂಕುಸಿತ ಆದಾಗ ನಮ್ಮ ಕಡೆಯವರು ವಾರಗಟ್ಟಲೆ ಪರಿಹಾರ ಕೇಂದ್ರದಲ್ಲಿದ್ದರು. ರಸ್ತೆಯೇ ಇರಲಿಲ್ಲ. ಅಂಥ ಹೊತ್ತಲ್ಲಿ ಯಾರಾದರೂ ಬಸುರಾಗಿದ್ದು, ಆಸ್ಪತ್ರೆಗೆ ಹೋಗಲು ಆಗದೆ 20 ವಾರ ದಾಟಿದರೆ?

ಕೋರ್ಟ್ ರಸ್ತೆ, ಮಡಿಕೇರಿ
ಅದಕ್ಕೂ ಜಾಗ ಇದೆ. 2021ರ ನಿಯಮಗಳಲ್ಲಿ 24 ವಾರದವರೆಗೆ ಅವಕಾಶ ಇರುವವರ ಪಟ್ಟಿಯಲ್ಲಿ, ಸರ್ಕಾರ ಘೋಷಿಸಿದ ವಿಪತ್ತಿನಲ್ಲಿ ಸಿಕ್ಕಿಕೊಂಡವರೂ ಇದ್ದಾರೆ. ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಪ್ರತಿ ಮಳೆಗಾಲ ಎದೆ ಹಿಡಿದು ಕೂರುವ ಜಿಲ್ಲೆ ನಮ್ಮದು, ಇದು ಪರಿಹಾರ ಕೇಂದ್ರದ ಗೋಡೆ ಮೇಲೆ ಇರಬೇಕಾದ ಮಾಹಿತಿ.

ಡಬ್ಲಿನ್‌ನಲ್ಲಿ ಕುಶಾಲನಗರ
ಹೆರಿಗೆ ವಿಷಯವೂ ಬರಲಿ. ನಮ್ಮ ಅಕ್ಕನಿಗೆ ನೋವು ಬಂದಾಗ ತಾಲ್ಲೂಕು ಆಸ್ಪತ್ರೆಯಿಂದ ಮಡಿಕೇರಿ, ಮಡಿಕೇರಿಯಿಂದ ಮೈಸೂರು. ಘಟ್ಟ ಇಳಿದು ಅಷ್ಟು ದೂರ. ಬದುಕಿದಳು, ಪುಣ್ಯ. ಬ್ರೆಜಿಲಿನ ಅಲೀನ್ ಪಿಮೆಂಟೆಲ್ ಬದುಕಲಿಲ್ಲ. ಆರು ತಿಂಗಳ ಬಸುರಿ, ಕಪ್ಪು ಹೆಂಗಸು, ಬಡವಳು. ದೊಡ್ಡಾಸ್ಪತ್ರೆಗೆ ಸಾಗಿಸಲು ಆಂಬ್ಯುಲೆನ್ಸಿಗೆ ಕಾದು, ಅಲ್ಲಿ ಹಾಸಿಗೆ ಇಲ್ಲದೆ ಗಂಟೆಗಟ್ಟಲೆ ಕಾರಿಡಾರಿನಲ್ಲಿ ಮಲಗಿ ಸತ್ತಳು. ಅವಳ ತಾಯಿ ವಿಶ್ವಸಂಸ್ಥೆಗೆ ದೂರು ಕೊಟ್ಟರು. 2011ರಲ್ಲಿ ಗೆದ್ದರು. ಬಾಣಂತಿ ಸಾವಿಗೆ ಒಂದು ಸರ್ಕಾರವೇ ಹೊಣೆ ಅಂತ ಅಂತರರಾಷ್ಟ್ರೀಯ ಸಮಿತಿ ಹೇಳಿದ್ದು ಅದೇ ಮೊದಲು.

ಕಾವೇರಿ ತೀರ
ಇದಕ್ಕೆ ನನ್ನದೂ ಪೂರ್ತಿ ಬೆಂಬಲ. ಹೆರುವವಳಿಗೆ ಹಾಸಿಗೆ ಕೊಡದ ಸರ್ಕಾರ ಬೇರೆ ಏನು ಮಾತಾಡಿದರೂ ವೇಸ್ಟ್.

ಪಿಎಚ್‌ಸಿ ಸಿಸ್ಟರ್
ತೋಟದ ಮನೆಯವರೇ, ನೀವು ಅವಳ ಜೊತೆ ಹೋಗಿ. ಒಬ್ಬಳೇ ಹೋದರೆ ಮತ್ತೆ ಅದೇ ಕತೆ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಇದ್ದರೆ ತಗೊಂಡು ಹೋಗಿ, ಇಲ್ಲದಿದ್ದರೂ ಹೋಗಿ. ಮಾತ್ರೆ ಮಾತ್ರ ಅಂಗಡಿಯಿಂದ ಸುಮ್ನೆ ತರಬೇಡಿ. ಅದು 9 ವಾರದೊಳಗೆ, ವೈದ್ಯರು ನೋಡಿ ಕೊಡುವುದು. ಅವಳಿಗೆ ಆ ಹೊತ್ತು ದಾಟಿದೆ.

ಕೋರ್ಟ್ ರಸ್ತೆ, ಮಡಿಕೇರಿ
ಮತ್ತೆ ಸಹಿ ಕೇಳಿದರೆ, ಯಾವ ನಿಯಮದ ಪ್ರಕಾರ ಅಂತ ಬರೆದು ಕೊಡಿ ಅನ್ನಿ. ಬಹಳ ಸಲ ಅಷ್ಟಕ್ಕೇ ದಾರಿ ತೆರೆಯುತ್ತೆ. ತೆರೆಯದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬನ್ನಿ, ಅಥವಾ 15100ಕ್ಕೆ ಫೋನ್ ಮಾಡಿ. 1987ರ ಕಾಯ್ದೆ ಪ್ರಕಾರ ಯಾವ ಹೆಂಗಸಿಗಾದರೂ ವಕೀಲರು ಉಚಿತ. ಆದಾಯ ಪತ್ರ ಕೇಳುವ ಹಾಗಿಲ್ಲ.

ಎಸ್ಟೇಟ್ ರೈಟರ್
ವಕೀಲರೇ, ನನ್ನದೊಂದು. ಇಂಥವರು ಆಸ್ಪತ್ರೆಗೆ ಹೋಗಿ ಬಂದ ಮೇಲೆ ನಾವು ಆಬ್ಸೆಂಟ್ ಹಾಕುತ್ತೇವೆ. ರಜೆ ಏನಾದರೂ ಇದೆಯಾ?

ಕೋರ್ಟ್ ರಸ್ತೆ, ಮಡಿಕೇರಿ
ಇದೆ! ಗರ್ಭ ತಾನಾಗಿ ಹೋದರೂ, ಕಾನೂನು ಪ್ರಕಾರ ತೆಗೆಸಿದರೂ ಆರು ವಾರ ಸಂಬಳ ಸಹಿತ ರಜೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದ ಬಂದದ್ದು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಹಾಗೇ ಇದೆ. ಹೆರಿಗೆ ರಜೆಯ ಸಂಬಳಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಕಾಫಿ ಕೊಯ್ಲು ಒಂದು ಸೀಸನ್ ಮುಗಿಸಿದವಳಿಗೆ ಅದು ಆಗಿಯೇ ಆಗಿರುತ್ತೆ.

ಹೆರಿಗೆ ಹಕ್ಕಿನ ದೊಡ್ಡ ಕೇಸೊಂದು ನಮ್ಮಂಥ ತೋಟದಿಂದಲೇ ಬಂದದ್ದು ಗೊತ್ತಾ? ತಮಿಳುನಾಡಿನ ಆನಮಲೆ ಕಡೆಯ ಮೌಂಟ್ ಸ್ಟುವರ್ಟ್ ಎಸ್ಟೇಟು. ಸುಬ್ಬಮ್ಮಾಳ್ ಅನ್ನುವ ಕೂಲಿ ಹೆಂಗಸು. ಆಗ 12 ವಾರ ರಜೆ. ಮಾಲೀಕರು ಭಾನುವಾರಗಳನ್ನು ಕಳೆದು 72 ದಿನಕ್ಕೆ ಕೊಟ್ಟರು. ಸುಪ್ರೀಂ ಕೋರ್ಟ್ 1977ರಲ್ಲಿ, ಭಾನುವಾರ ಅಂತ ಬಾಣಂತಿಗೆ ಹಸಿವು ನಿಲ್ಲುತ್ತಾ ಅನ್ನುವ ಅರ್ಥದಲ್ಲೇ ತೀರ್ಪು ಕೊಟ್ಟಿತು. 84 ದಿನಕ್ಕೂ ಕೊಡಿ ಅಂದಿತು.

ಕರಿಮೆಣಸು
ನಮ್ಮದು ಎಂಟು ಎಕರೆ. ಇದೆಲ್ಲ ನಮಗೂ ಅಂಟುತ್ತಾ? ಮೆಣಸಿನ ರೇಟು ನೋಡಿದರೆ ನಮಗೇ ಯಾರಾದರೂ ರಜೆ ಕೊಡಬೇಕು.

ಕೋರ್ಟ್ ರಸ್ತೆ, ಮಡಿಕೇರಿ
2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ, 1951ರ ತೋಟ ಕಾರ್ಮಿಕರ ಕಾಯ್ದೆಯ ಲೆಕ್ಕದಲ್ಲಿ ತೋಟ ಅಂದರೆ 5 ಹೆಕ್ಟೇರ್ ಮತ್ತು 15 ಜನ ಕೆಲಸಗಾರರು ಇರಬೇಕಿತ್ತು. ಅಂದರೆ ಹನ್ನೆರಡು ಎಕರೆ ಚಿಲ್ಲರೆ. ಚಿಕ್ಕ ಬೆಳೆಗಾರರ ಆಳುಗಳು ಅಲ್ಲಿ ತಪ್ಪಿಹೋಗುತ್ತಿದ್ದರು, ಕೊಡಗಿನಲ್ಲಿ ಅಂಥವರೇ ಎಷ್ಟೋ ಜನ. ಯಾರಾದರೂ ಕೇಸು ಹಾಕಬೇಕಾದ ಜಾಗ ಅದು.

ಎಸ್ಟೇಟ್ ರೈಟರ್
ನಮ್ಮದು ದೊಡ್ಡ ತೋಟವೇ. ಆದರೆ ಜಾಸ್ತಿ ಜನ ಮೇಸ್ತ್ರಿ ಕಡೆಯಿಂದ ಬಂದವರು. ಖಾಯಂ ಅಲ್ಲ, ನಮಗೆ ಸಂಬಂಧ ಇಲ್ಲ ಅಂತ ಸಾಹುಕಾರರು ಅನ್ನುತ್ತಾರೆ.

ಕೋರ್ಟ್ ರಸ್ತೆ, ಮಡಿಕೇರಿ
ದೆಹಲಿ ಪಾಲಿಕೆಯೂ ತನ್ನ ರಸ್ತೆ ಕೆಲಸದ ದಿನಗೂಲಿ ಹೆಂಗಸರ ವಿಷಯದಲ್ಲಿ ಖಾಯಂ ಅಲ್ಲ ಅಂತಲೇ ವಾದ ಮಾಡಿತ್ತು. 2000ದಲ್ಲಿ ಸೋತಿತು. ಹಾಜರಿ ಪುಸ್ತಕ ನಿಮ್ಮ ಕೈಯಲ್ಲೇ ಇದೆಯಲ್ಲ ರೈಟರೇ, 80 ದಿನ ದಾಟಿದವರು ಎಷ್ಟು ಜನ ಇದ್ದಾರೆ, ಮೊದಲು ಎಣಿಸಿ.

ಎಸ್ಟೇಟ್ ರೈಟರ್
ಎಣಿಸುತ್ತೇನೆ. ನನ್ನ ಹೆಸರು ಎಲ್ಲೂ ಬರಬಾರದು.